ಕಾರಣದ ಕಾಲಂ ಖಾಲಿ ಇತ್ತು

ಹೋದ ಜೂನ್‌ನಲ್ಲಿ ಒಂದು ಪಾರ್ಸೆಲ್ ಬಿಡಿಸಿಕೊಳ್ಳಲು ಕುರ್ಲಾಕ್ಕೆ ಹೋಗಿದ್ದೆ. ಸ್ಟೇಷನ್ನಿನಿಂದ ಹೊರಬಿದ್ದು ಗೋಡೌನ್ ಸೇರುವಷ್ಟರಲ್ಲಿ ಮೊದಲ ಮಳೆ ಹಿಡಿಯಿತು. ಒಳಗೆ ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಪ್ರಿಂಟರು ಕಿರಗುಟ್ಟುತ್ತ ರಸೀದಿ ಉಗುಳುತ್ತಿತ್ತು. ಒದ್ದೆಯಾದ ಕಾಗದ, ಬಿಸಿಯೇರಿದ ರಿಬ್ಬನ್ನಿನ ಶಾಯಿ, ಎರಡರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಸರತಿಯಲ್ಲಿ ನಿಂತಿದ್ದೇನೆ ಎಂಬುದನ್ನೇ ಮರೆತುಬಿಟ್ಟೆ. "ಮೌಸಿ, ಆಗೇ ಚಲೋ ನಾ," ಎಂದು ಹಿಂದಿನವರು ಗೊಣಗಿದರು.

ನಾನು ಮುಂದೆ ಹೋಗಲಿಲ್ಲ, ಹಿಂದಕ್ಕೇ ಹೋದೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲಕ್ಕೆ. ಆ ಮಳೆಗಾಲದಲ್ಲಿ ನಾನು ಮಾಡಿದ್ದನ್ನು ಹುಚ್ಚುತನ ಎಂದವರಿದ್ದಾರೆ, ಉಂಡ ಮನೆಗೆ ಎರಡು ಬಗೆದಳು ಎಂದವರೂ ಇದ್ದಾರೆ. ಅವರಿಗೆಲ್ಲ ನನ್ನದು ಅಂದೂ ಒಂದೇ ಉತ್ತರ, ಇಂದೂ ಅದೇ. ಆ ದಿನಗಳು ಮತ್ತೆ ಬಂದರೆ ಎಲ್ಲವನ್ನೂ ಹಾಗೆಯೇ ಮಾಡುತ್ತೇನೆ, ಒಂದು ಕೆಲಸ ಬಿಟ್ಟು.

ಆಗ ನನಗೆ ಇಪ್ಪತ್ತಾರು. ನಮ್ಮದು ಧಾರವಾಡದ ಕಡೆಯ ಮನೆತನ, ಇದ್ದದ್ದು ಮುಲುಂಡಿನಲ್ಲಿ. ಅಪ್ಪ ಕಾಳಬಾದೇವಿಯ ಒಂದು ಬಟ್ಟೆ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾಗಿದ್ದರು. ನಾನು ಬಿ.ಎಸ್ಸಿ. ಮುಗಿಸಿ, ಒಂದು ಕಂಪ್ಯೂಟರ್ ಕೋರ್ಸ್ ಮಾಡಿ, ಕುರ್ಲಾದ ಒಂದು ಡೇಟಾ ಬ್ಯೂರೋದಲ್ಲಿ ಪ್ರೋಗ್ರಾಮರ್ ಆಗಿದ್ದೆ. ಸ್ವಂತ ಕಂಪ್ಯೂಟರ್ ಇಲ್ಲದ ಕಂಪನಿಗಳು ತಮ್ಮ ಕಾಗದಪತ್ರ ಮಾಡಿಸಿಕೊಳ್ಳಲು ಇಂಥ ಬ್ಯೂರೋಗಳಿಗೆ ಬರುತ್ತಿದ್ದ ಕಾಲ ಅದು. ಕೆಳಗೆ ಲೇತ್ ಮಷಿನ್ನುಗಳ ವರ್ಕ್‌ಶಾಪು, ಮೇಲಿನ ಮಾಳಿಗೆಯಲ್ಲಿ ನಾವು. ಒಂದು ದೊಡ್ಡ ಕಂಪ್ಯೂಟರು, ನಾಲ್ಕು ಟರ್ಮಿನಲ್ಲು, ಗೋಡೆ ನಡುಗುವಂತೆ ಬಡಿಯುವ ಒಂದು ಪ್ರಿಂಟರು.

ಬ್ಯೂರೋ ನಡೆಸುತ್ತಿದ್ದವರು ನಂಜುಂಡಯ್ಯ. ಮೈಸೂರಿನವರು, ಐವತ್ತು ದಾಟಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುಮಾತು. ಮಾಟುಂಗದ ಒಂದು ಕನ್ನಡ ಕಾರ್ಯಕ್ರಮದಲ್ಲಿ ಅಪ್ಪನ ಪರಿಚಯವಾಗಿ, "ಮಗಳನ್ನ ಕಳಿಸಿ, ನೋಡೋಣ," ಎಂದಿದ್ದರು. ನನಗೆ ಕೋರ್ಸಿನಲ್ಲಿ ಬಂದದ್ದು ಅಕ್ಷರಾಭ್ಯಾಸ ಅಷ್ಟೇ. ಕೆಲಸ ಕಲಿಸಿದವರು ಅವರು.

ನಮ್ಮ ಬ್ಯೂರೋದ ಹೆಚ್ಚಿನ ಕೆಲಸ ಪತ್ರ ಮುದ್ರಿಸುವುದು. ಒಂದೇ ಒಕ್ಕಣೆಯ ಪತ್ರ ನೂರಾರು ಜನರಿಗೆ ಹೋಗಬೇಕು, ಹೆಸರು, ವಿಳಾಸ ಮಾತ್ರ ಬೇರೆ ಬೇರೆ. ಅದಕ್ಕೊಂದು ಟೆಂಪ್ಲೇಟು ಬರೆಯುತ್ತಿದ್ದೆವು. ಅದರೊಳಗೆ ಎರಡು ಥರದ ಜಾಗಗಳು. ಒಂದು, ಹೊರಗಿನಿಂದ ಕರೆದವರು ಕೈಗೆ ಕೊಡಬೇಕಾದದ್ದು: ಹೆಸರು, ಊರು, ತಾರೀಖು. ಅದಕ್ಕೆ ಪ್ಯಾರಾಮೀಟರ್ ಎನ್ನುತ್ತೇವೆ. ಇನ್ನೊಂದು, ಟೆಂಪ್ಲೇಟು ತನ್ನೊಳಗೆ ತಾನೇ ಇಟ್ಟುಕೊಳ್ಳುವುದು: ಪುಟದ ಸಂಖ್ಯೆ, ಸಾಲಿನ ಲೆಕ್ಕ. ಅದು ವೇರಿಯಬಲ್. ಇದಕ್ಕೂ ಹೊರಗಿನವರಿಗೂ ಸಂಬಂಧವಿಲ್ಲ. ಹೊಸದರಲ್ಲಿ ನಾನು ಒಂದು ಹೌಸಿಂಗ್ ಸೊಸೈಟಿಯ ನೋಟಿಸು ಮಾಡುವಾಗ ಫ್ಲ್ಯಾಟ್ ನಂಬರನ್ನು ಒಳಗಿನ ವೇರಿಯಬಲ್ಲಿನಲ್ಲಿ ಇಟ್ಟುಕೊಂಡಿದ್ದೆ. ಯಾರದೋ ನಂಬರು ಬಂದಿರಲಿಲ್ಲ. ಅದರ ಹಿಂದಿನವರ ನಂಬರೇ ಅಲ್ಲಿ ಉಳಿದುಕೊಂಡು, ಒಬ್ಬರಿಗೆ ಹೋಗಬೇಕಾದ ತಗಾದೆ ಇನ್ನೊಬ್ಬರ ಬಾಗಿಲಿಗೆ ಹೋಯಿತು. ದೊಡ್ಡ ಜಗಳವೇ ಆಯಿತು. ನಂಜುಂಡಯ್ಯ ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ನೋಡಮ್ಮ ಪ್ರಮೀಳಾ, ಹೊರಗಿಂದ ಬರಬೇಕಾದ್ದನ್ನ ಯಾವತ್ತೂ ಒಳಗೆ ಇಟ್ಕೋಬೇಡ. ಬರಲಿಲ್ವಾ, ಅಲ್ಲೇ ನಿಲ್ಲಿಸು. ಕೇಳು. ಅವರು ಕೊಡೋವರೆಗೂ ಮುಂದಕ್ಕೆ ಹೋಗಬೇಡ. ನಾವು ಊಹೆ ಮಾಡೋ ಹಾಗಿಲ್ಲ."

ಇನ್ನೊಂದು ನಿಯಮವೂ ಅವರದೇ. ಪ್ರೋಗ್ರಾಮಿನಲ್ಲಿ ಏನೇ ತಿದ್ದಿದರೂ ಅದರ ತಲೆಯಲ್ಲೇ ಒಂದು ಸಾಲು ಬರೆಯಬೇಕು: ಏನು ತಿದ್ದಿದೆ, ಯಾಕೆ, ಯಾರು ಹೇಳಿ, ಯಾವ ದಿನ. ಕೊನೆಗೆ ಹೆಸರಿನ ಮೊದಲಕ್ಷರಗಳು. ಹೀಗೆ ತಿದ್ದಿದ ಪ್ರತಿಯೊಂದನ್ನೂ ಮುದ್ರಿಸಿ, ಪುಟಕ್ಕೆ ನಂಬರು ಹಾಕಿ, ರಟ್ಟಿನ ರಿಜಿಸ್ಟರಿನಲ್ಲಿ ಹೊಲಿಸಿ ಇಡುತ್ತಿದ್ದರು. ಆ ರಿಜಿಸ್ಟರನ್ನು ಅವರು ದೇವರ ಪಟದ ಕೆಳಗಿನ ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದರು.

ಆ ವರ್ಷ ಜುಲೈನಲ್ಲಿ ಮಳೆ ಮೂರು ದಿನ ಬಿಡದೆ ಸುರಿಯಿತು. ಸಾಯನ್ ಮತ್ತು ಕುರ್ಲಾ ನಡುವೆ ಹಳಿ ಮುಳುಗಿ ಲೋಕಲ್ಲುಗಳೆಲ್ಲ ನಿಂತುಹೋದವು. ನಾನು ಮುಲುಂಡಿನ ಬಾಲ್ಕನಿಯಲ್ಲಿ ನಿಂತು, ಕೆಳಗೆ ತೇಲುತ್ತಿದ್ದ ಹಾಲಿನ ಕ್ರೇಟುಗಳನ್ನು ನೋಡುತ್ತ ಮೂರು ದಿನ ಕಳೆದೆ. ನಾಲ್ಕನೆಯ ದಿನ ಆಫೀಸಿಗೆ ಹೋದರೆ ಕೆಳಗಿನ ವರ್ಕ್‌ಶಾಪಿನವರು ಮೋಟಾರುಗಳ ಹೊಟ್ಟೆಯಿಂದ ಕೆಸರು ಬಗೆಯುತ್ತಿದ್ದರು. ಬರಲಾಗದವರ ಮೇಲೆ ನಂಜುಂಡಯ್ಯ ಒಂದು ಮಾತೂ ಆಡಲಿಲ್ಲ. ರೈಲೇ ಇಲ್ಲದ ಮೇಲೆ ಯಾರು ತಾನೆ ಏನು ಮಾಡಲಿಕ್ಕಾಗುತ್ತದೆ?

ಹತ್ತು ದಿನ ಬಿಟ್ಟು ಒಂದು ಔಷಧಿ ಕಾರ್ಖಾನೆಯ ಕೆಲಸ ಬಂತು. ಕುರ್ಲಾದ ಆಚೆಗಿದ್ದ ಆ ಕಾರ್ಖಾನೆ ನಮ್ಮ ದೊಡ್ಡ ಗಿರಾಕಿ. ಅವರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಹೆಂಗಸರು. ಮಾತ್ರೆ ಎಣಿಸಿ, ಪಟ್ಟಿಗೆ ತುಂಬಿ, ಲೇಬಲ್ ಹಚ್ಚುವವರು. ಅವರಲ್ಲಿ ನಲವತ್ತೊಂದು ಜನರಿಗೆ ಪತ್ರ ಹೋಗಬೇಕಿತ್ತು. ಒಕ್ಕಣೆಯನ್ನು ಓದುತ್ತ ನನ್ನ ಹುಬ್ಬು ಗಂಟಿಕ್ಕಿತು. ನೀವು ಇಂಥ ತಾರೀಖಿನಿಂದ ಇಂಥ ಕಾರಣಕ್ಕೆ ಕೆಲಸಕ್ಕೆ ಬಂದಿಲ್ಲವಾದ್ದರಿಂದ ನಿಮ್ಮ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದುಹಾಕಲಾಗಿದೆ, ಅಂತ. ನಾನು ತಾರೀಖನ್ನೂ ಕಾರಣವನ್ನೂ ಹೊರಗಿನಿಂದ ಬರುವ ಪ್ಯಾರಾಮೀಟರ್ ಮಾಡಿದೆ. ಒಬ್ಬೊಬ್ಬರದೂ ಒಂದೊಂದು ಇರಬೇಕಲ್ಲ.

ಕಾರ್ಖಾನೆಯವರು ಕೆಲಸಗಾರರ ವಿವರ ತುಂಬಿಸಿ ಕಳಿಸಿದ ಟೇಪು ಹಾಕಿ ನಡೆಸಿದೆ. ಒಂದು ಪತ್ರವೂ ಹೊರಬರಲಿಲ್ಲ. ಅದರ ಬದಲು ನಲವತ್ತೊಂದು ಸಾಲಿನ ಒಂದು ಪಟ್ಟಿ ಬಂತು. ಪ್ರತಿ ಹೆಸರಿನ ಮುಂದೆಯೂ ಒಂದೇ ದೂರು: ತಾರೀಖು ಬಂದಿಲ್ಲ, ಕಾರಣ ಬಂದಿಲ್ಲ. ಟೇಪಿನಲ್ಲಿ ಹೆಸರಿತ್ತು, ಟಿಕೆಟ್ ನಂಬರಿತ್ತು, ವಿಳಾಸವಿತ್ತು. ಕಾರಣದ ಕಾಲಂ ಖಾಲಿ ಇತ್ತು.

ನಂಜುಂಡಯ್ಯ ಕಾರ್ಖಾನೆಗೆ ಫೋನು ಮಾಡಿದರು. "ಹೌದು ಸರ್... ಎಲ್ಲರಿಗೂ ಒಂದೇನಾ ಸರ್?... ಆಗಲಿ," ಎಂದು ಇಟ್ಟರು.

"ಎಲ್ಲರಿಗೂ ಹದಿನೇಳನೇ ತಾರೀಖು ಹಾಕಿಬಿಡು. ಕಾರಣ, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ ಅಂತ."

"ಸರ್, ಹದಿನೇಳಕ್ಕ ಟ್ರೇನೇ ಇರಲಿಲ್ಲಲ್ಲ. ಮಳಿ."

"ಅದು ಅವರ ವಿಷಯಮ್ಮ."

"ಹಂಗಾದ್ರ ಅವರೇ ಟೇಪಿನಾಗ ತುಂಬಿ ಕಳಿಸಲಿ. ಒಬ್ಬೊಬ್ಬರ ಹೆಸರಿನ ಮುಂದ ಬರದು ಕಳಿಸಲಿ. ನೀವೇ ಹೇಳಿದ್ರಲ್ಲ ಸರ್, ಊಹೆ ಮಾಡಬಾರದು ಅಂತ."

ಅವರು ಕನ್ನಡಕ ತೆಗೆದು ಒರೆಸಿದರು. "ಊಹೆ ಎಲ್ಲಿ ಬಂತು? ಗಿರಾಕಿ ಹೇಳಿದಾರೆ. ಒಳಗೇ ಒಂದು ವೇರಿಯಬಲ್ ಮಾಡಿ ಅದರಲ್ಲಿ ಬರೆದಿಟ್ಟುಬಿಡು. ಐದು ನಿಮಿಷದ ಕೆಲಸ. ಅವರಿಗೆ ಇವತ್ತೇ ಬೇಕಂತೆ."

ನಾನು ಮಾಡಿದೆ. ಹೌದು, ಮಾಡಿದೆ. ಬಿಟ್ಟುಬಿಡಬೇಕಿದ್ದ ಆ ಒಂದು ಕೆಲಸ ಇದೇ. ಎರಡು ಪ್ಯಾರಾಮೀಟರುಗಳನ್ನು ತೆಗೆದು, ಅದೇ ಹೆಸರಿನ ಎರಡು ವೇರಿಯಬಲ್ ಇಟ್ಟು, ಅವುಗಳ ಬಾಯಿಗೆ ಮಾತು ತುಂಬಿದೆ. ನಿಯಮದಂತೆ ತಲೆಯಲ್ಲಿ ಒಂದು ಸಾಲೂ ಬರೆದೆ: 'ತಾರೀಖು, ಕಾರಣ ಪ್ಯಾರಾಮೀಟರಿನಿಂದ ವೇರಿಯಬಲ್‌ಗೆ ಬದಲು. ಟೇಪಿನಲ್ಲಿ ಬಂದಿಲ್ಲ. ಗಿರಾಕಿ ಫೋನಿನಲ್ಲಿ ಹೇಳಿದಂತೆ.' ಪ್ರಿಂಟರು ಬಡಿಯತೊಡಗಿತು. ನಲವತ್ತೊಂದು ಪತ್ರ ಒಂದರ ಹಿಂದೊಂದು ಮಡಚಿಕೊಂಡು ಬಿದ್ದವು.

ಮನೆಗೆ ಹೋದಾಗ ಮುಖ ಸಪ್ಪಗಿದ್ದುದನ್ನು ನೋಡಿ ಅಪ್ಪ ಕೇಳಿದರು. ಹೇಳಿದೆ. ಅವರು ಪೇಪರು ಮಡಿಸಿದರು.

"ನಾ ಎಷ್ಟು ಮಂದಿ ಕೆಲಸ ಹೋಗೂ ಕಾಗದ ಟೈಪ್ ಮಾಡೀನಿ, ಗೊತ್ತೇನು? ಟೈಪ್ ಮಾಡಿದಾಂವ ಬರದಾಂವ ಅಲ್ಲ ತಂಗಿ. ಅದನ್ನ ತಲಿಗೆ ಹಚ್ಚಿಕೊಂಡ್ರ ನೌಕರಿ ಮಾಡಲಿಕ್ಕೆ ಆಗೂದಿಲ್ಲ."

ಆ ಮಾತು ಹಿಡಿದುಕೊಂಡು ನಾಲ್ಕು ದಿನ ನೆಮ್ಮದಿಯಿಂದ ಇದ್ದೆ.

ಐದನೆಯ ದಿನ ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚಿದ್ದೆ. ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ನಲವತ್ತೈದರ ಆಸುಪಾಸಿನ ಹೆಂಗಸು. ಇಳಕಲ್ ಸೀರೆ, ಮೊಣಕಾಲಿನವರೆಗೂ ಒದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಬಾಗಿಲಲ್ಲೇ ನಿಂತು ಚೀಲದಿಂದ ಒಂದು ಕಾಗದ ತೆಗೆದಳು. ನಾನು ಮುದ್ರಿಸಿದ್ದೇ. ನಮ್ಮ ಕಾಗದದ ಅಡಿ ಅಂಚಿನಲ್ಲಿ ಬ್ಯೂರೋದ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಅದನ್ನು ಯಾರಿಂದಲೋ ಓದಿಸಿಕೊಂಡು, ಕೇಳುತ್ತ ಕೇಳುತ್ತ ಬಂದಿದ್ದಳು.

"ಇಧರ್ ಛಪಾ ಹೈ ಕ್ಯಾ ಯೇ?" ಎಂದಳು. ನನ್ನ ಮೇಜಿನ ಮೇಲಿದ್ದ ರೊಟ್ಟಿ ನೋಡಿ ಕನ್ನಡಕ್ಕೆ ಹೊರಳಿದಳು. "ನೀವು ನಮ್ಮ ಕಡೆಯವ್ರೇನ್ರಿ? ನಾ ರುಕ್ಮವ್ವ. ಬಿಜಾಪುರದ ಕಡೆಯಾಕಿ. ಇಲ್ಲೇ ಕುರ್ಲಾದಾಗ ಚಾಳದಾಗ ಇರ್ತೀನಿ. ಇದು ಇಲ್ಲೇ ಛಾಪಾ ಆಗೇದೇನ್ರಿ?"

"ಹೌದ್ರಿ."

"ಇದರಾಗ ನಾ ನನ್ನ ಖುಷಿಲೆ ಕೆಲಸ ಬಿಟ್ಟೀನಿ ಅಂತ ಬರದದಂತ. ಚಾಳದಾಗಿನ ಮಾಸ್ತರು ಓದಿ ಹೇಳಿದ್ರು. ಹದಿನೇಳಕ್ಕ ಬಂದೇ ಇಲ್ಲಂತ." ಚೀಲದಿಂದ ಇನ್ನೊಂದು ಚೀಟಿ ತೆಗೆದಳು, ನೀರು ತಾಗದಂತೆ ನಾಲ್ಕು ಮಡಿಕೆ ಮಾಡಿದ್ದು. "ಆ ದಿನ ನಾ ಸೊಂಟದ ಮಟಾ ನೀರಾಗ ಹೋಗೀನ್ರಿ. ಗೇಟಿನ್ಯಾಗ ಹಾಜರಿ ಒತ್ತೂ ಗಡಿಯಾರದ ಮಷಿನ್ನು ಮುಳುಗಿತ್ತು, ಸೂಪರ್‌ವೈಜರ್ ತಾನ ಕೈಲೆ ಬರದು ಕೊಟ್ಟಾನ. ನೋಡ್ರಿ ಸಹಿ."

ನೋಡಿದೆ. ಹದಿನೇಳನೆಯ ತಾರೀಖಿನ ಹಾಜರಿ ಚೀಟಿ. ಹೆಸರು, ಟಿಕೆಟ್ ನಂಬರು, ಸಹಿ, ಎಲ್ಲ ಸರಿಯಾಗಿತ್ತು. ಬೇರೆಯವರು ರೈಲಿಲ್ಲದೆ ಮನೆಯಲ್ಲಿ ಉಳಿದಿದ್ದಾಗ ಈ ಹೆಂಗಸು ನಡೆದು ಹೋಗಿ ಮಾತ್ರೆ ತುಂಬಿ ಬಂದಿದ್ದಳು.

"ನಾ ಅಳಲಿಕ್ಕೆ ಬಂದಿಲ್ರಿ," ಅಂದಳು. "ನನ್ನ ಬಗ್ಗೆ ಹಿಂಗಂತ ಯಾರು ಹೇಳ್ಯಾರ, ಅವರ ಹೆಸರು ಬೇಕು. ಅಷ್ಟ."

ಯಾರೂ ಹೇಳಿರಲಿಲ್ಲ. ಅದೇ ನಿಜ. ಅವಳ ಬಗ್ಗೆ ಯಾವ ಮನುಷ್ಯನೂ ಒಂದು ಗಳಿಗೆ ಕೂತು ಯೋಚಿಸಿರಲಿಲ್ಲ, ಸುಳ್ಳು ಹೇಳಲಿಕ್ಕಾದರೂ. ಆದರೆ ನಾನು ಹೇಳಿದ್ದು ಬೇರೆ. "ಕಂಪನಿಯವರು ಕಳಿಸಿದ್ದನ್ನ ಮಷಿನ್ನು ಛಾಪಸ್ತದ್ರಿ," ಎಂದೆ. ಅವಳು ಹಾಜರಿ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಇಳಿದು ಹೋದಳು. ನಾನು ರೊಟ್ಟಿಯ ಡಬ್ಬಿ ಮುಚ್ಚಿಟ್ಟೆ.

ವಾರದೊಳಗೆ ಹೆಂಗಸರ ಯೂನಿಯನ್ನು ಸರಕಾರದ ಲೇಬರ್ ಆಫೀಸಿಗೆ ದೂರು ಕೊಟ್ಟಿತು. ಕಾರ್ಖಾನೆಯಿಂದ ನಂಜುಂಡಯ್ಯನವರಿಗೆ ಫೋನು ಬಂತು. ಅವತ್ತು ಅವರು ನನ್ನನ್ನು ಕರೆದು ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಆ ರಿಜಿಸ್ಟರು ತೆರೆದಿತ್ತು.

"ಈ ಪುಟ ಒಂದಿಷ್ಟು ಸರಿ ಮಾಡಬೇಕಮ್ಮ. 'ಟೇಪಿನಲ್ಲಿ ಬಂದಿಲ್ಲ' ಅನ್ನೋದೆಲ್ಲ ಯಾಕೆ? ಆ ಸಾಲು ತೆಗೆದು ಪ್ರೋಗ್ರಾಮು ಮತ್ತೆ ಮುದ್ರಿಸಿ ಕೊಡು. ಇದರ ಜಾಗಕ್ಕೆ ಅದನ್ನ ಸೇರಿಸ್ತೀನಿ."

"ಆಗೂದಿಲ್ಲ ಸರ್."

"ಒಂದು ಸಾಲು ಕಣಮ್ಮ."

"ಮೊದಲನೆ ಸಲಾನೂ ನೀವು ಐದು ನಿಮಿಷ ಅಂದ್ರಿ. ಮಾಡಿದೆ. ಈಗ ಒಂದು ಸಾಲು. ಮಾಡೂದಿಲ್ಲ."

ಅವರ ಮೆಲುದನಿ ಇನ್ನೂ ಕೆಳಗಿಳಿಯಿತು. "ಈ ಗಿರಾಕಿ ಹೋದರೆ ಈ ಮಾಳಿಗೆಯೇ ಮುಚ್ಚಬೇಕಾಗುತ್ತೆ. ಏಳು ಜನ ಇದೀರಿ. ಯೋಚನೆ ಮಾಡು."

"ಅಲ್ಲಿ ನಲವತ್ತೊಂದು ಜನ ಇದ್ದಾರ್ರಿ ಸರ್."

ಕಿಟಕಿಯ ಸರಳಿಗೆ ಮಳೆ ಬಡಿಯುತ್ತಿತ್ತು. ಅವರು ರಿಜಿಸ್ಟರು ಮುಚ್ಚಿದರು. "ಹಾಗಾದ್ರೆ ನಾಳೆಯಿಂದ ಬರಬೇಡ."

"ಆಗಲಿ. ಯಾಕ ಅಂತ ಬರದು ಕೊಡ್ರಿ."

ಅವರು ಬರೆದುಕೊಡಲಿಲ್ಲ. ನನ್ನ ಡಬ್ಬಿ, ಕೊಡೆ ತೆಗೆದುಕೊಂಡು ಇಳಿದೆ. ಒಂದು ಮಾತು ಇಲ್ಲಿ ಹೇಳಬೇಕು, ಯಾಕೆಂದರೆ ಆಮೇಲೆ ಹತ್ತು ಜನ ಹತ್ತು ಕಥೆ ಕಟ್ಟಿದರು. ಆ ಆಫೀಸಿನಿಂದ ನಾನು ಒಂದು ಹಾಳೆಯನ್ನೂ ಹೊತ್ತು ತರಲಿಲ್ಲ. ತರಬಹುದಿತ್ತು. ಕದ್ದು ತಂದ ಕಾಗದದ ಮೇಲೆ ನಿಂತು ಮಾತಾಡುವುದು ನನಗೆ ಬೇಡವಾಗಿತ್ತು.

ಮುಲುಂಡಿನ ಟ್ರೇನು ಹತ್ತಲಿಲ್ಲ. ಚಾಳ ಹುಡುಕಿಕೊಂಡು ಹೊರಟೆ. ಕುರ್ಲಾದಲ್ಲಿ 'ದವಾಯಿ ಕಂಪನಿಯ ರುಕ್ಮಾಬಾಯಿ' ಎಂದರೆ ಸಾಕು, ಮನೆ ತೋರಿಸಿದರು. ಉದ್ದನೆಯ ಓಣಿಯಂಥ ವರಾಂಡ, ಹಗ್ಗದ ತುಂಬ ಒಣಗದ ಬಟ್ಟೆ. ರುಕ್ಮವ್ವ ಸ್ಟೋವಿನ ಮುಂದೆ ಕೂತಿದ್ದಳು. ಒಳಗೆ ಬಾ ಅನ್ನಲಿಲ್ಲ. ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ.

"ಆ ದಿನ ನಾ ಸುಳ್ಳು ಹೇಳಿದೆ. ಮಷಿನ್ನು ಅಂದೆ. ಮಷಿನ್ನಲ್ಲ. ಕಂಪನಿಯವರು ಕಾರಣ ಬರದು ಕಳಿಸಿರಲಿಲ್ಲ. ಎಲ್ಲಾರಿಗೂ ಒಂದ ಮಾತು ಹಾಕು ಅಂತ ಫೋನಿನ್ಯಾಗ ಹೇಳಿದ್ರು. ಹಾಕಿದಾಕಿ ನಾನು."

 ಅವಳು ಬೈದರೆ ಬೈಯಲಿ ಎಂದು ಕಾದೆ.

"ನಿನ್ನ ಕೈಲೇ?"

"ನನ್ನ ಕೈಲೇ."

"ಮತ್ತ ಈಗ ಯಾಕ ಬಂದಿ?"

"ಲೇಬರ್ ಆಫೀಸಿನ್ಯಾಗ ಬಂದು ಹೇಳ್ತೀನಿ."

ಅವಳು ಸ್ಟೋವು ಆರಿಸಿದಳು. ಮಾಫಿ ಮಾಡಿದೆ ಅನ್ನಲಿಲ್ಲ, ಚಹಾ ಕುಡಿ ಅನ್ನಲಿಲ್ಲ. "ಹೇಳೂದಿದ್ರ ಎಲ್ಲಾರ ಮುಂದ ಹೇಳಬೇಕು. ನಲವತ್ತೊಂದೂ ಮಂದಿ ಬರ್ತಾರ. ಅವರ ಮುಂದ," ಅಂದಳು. ಆಗಲಿ ಎಂದೆ. ಆಗಲೇ ಅವಳು ಒಂದು ಮಣೆ ಸರಿಸಿ, "ಕೂಡು. ಎಲ್ಲಾ ತೊಯ್ಸಿಕೊಂಡು ಬಂದಿ," ಅಂದಳು.

ಮನೆಯಲ್ಲಿ ಅಪ್ಪನಿಗೆ ಕೆಲಸ ಹೋದದ್ದನ್ನು ಹೇಳಿದಾಗ ಅವರು ಎದ್ದು ನಿಂತುಬಿಟ್ಟರು. "ನಂಜುಂಡಯ್ಯನಂಥ ಮನುಷ್ಯಾಗ ಎದುರು ಮಾತಾಡಿ ಬಂದಿ? ನಿನಗ ಕೆಲಸ ಕಲಿಸಿದಾಂವ ಅವಾ." ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ನನ್ನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆಯುತ್ತ, ಹರಿಯುತ್ತ, ಮತ್ತೆ ಬರೆಯುತ್ತ ಕೂತಿದ್ದೆ. ಮೂರನೆಯ ದಿನ ಬೆಳಿಗ್ಗೆ ಅಪ್ಪ ಆ ಹಾಳೆಗಳನ್ನು ತೆಗೆದುಕೊಂಡು ಓದಿದರು. ಪೆನ್ಸಿಲಿನಿಂದ ಅಲ್ಲಲ್ಲಿ ತಿದ್ದಿದರು. ಆಮೇಲೆ ಅಟ್ಟದ ಮೇಲಿಂದ ಟೈಪ್‌ರೈಟರು ಇಳಿಸಿ, ಧೂಳು ಝಾಡಿಸಿ, ಕಾರ್ಬನ್ ಇಟ್ಟು ಕೂತರು.

"ಅಪ್ಪಾ, ನಿಮಗ ಒಪ್ಪಿಗಿ ಇಲ್ಲಲ್ಲ."

"ಇಲ್ಲ. ಈಗೂ ಇಲ್ಲ," ಅಂದರು, ಕಣ್ಣು ಹಾಳೆಯ ಮೇಲೇ ಇತ್ತು. "ಮೂವತ್ತನಾಲ್ಕು ವರ್ಷ ಸಾಹೇಬರ ಮಾತು ಟೈಪ್ ಮಾಡೀನಿ. ಮಗಳ ಮಾತು ಒಂದು ಪುಟ ಮಾಡಲಿಕ್ಕೆ ಕೈ ಬರೂದಿಲ್ಲೇನು?"

ವಿಚಾರಣೆಯ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಲೇಬರ್ ಆಫೀಸಿನ ಕೋಣೆ ಎಲ್ಲರನ್ನೂ ಹಿಡಿಸುವಷ್ಟು ದೊಡ್ಡದಲ್ಲ, ಹೆಂಗಸರು ಕಾರಿಡಾರಿನ ತುಂಬ ನಿಂತಿದ್ದರು. ಮೇಜಿನ ಹಿಂದೆ ಮರಾಠಿ ಅಧಿಕಾರಿ. ಎದುರಿಗೆ ಕಾರ್ಖಾನೆಯ ಪರ್ಸನಲ್ ಮ್ಯಾನೇಜರು, ಟೈ ಕಟ್ಟಿದ್ದ ನಾಜೂಕಿನ ಮನುಷ್ಯ. ಅವರ ವಾದ ಸಲೀಸಾಗಿತ್ತು: ಪ್ರತಿಯೊಬ್ಬ ಕೆಲಸಗಾರಳ ಹಾಜರಿಯನ್ನೂ ಬೇರೆಬೇರೆಯಾಗಿ ಪರಿಶೀಲಿಸಲಾಗಿದೆ. ಕಂಪ್ಯೂಟರಿನಲ್ಲಿ ನೋಡಿಯೇ ಪತ್ರ ಹೋಗಿದೆ. ಕಂಪ್ಯೂಟರಿಗೆ ಯಾರ ಮೇಲೂ ದ್ವೇಷವಿಲ್ಲ. ರುಕ್ಮವ್ವನ ಚೀಟಿ ಒಂದು ಆಕಸ್ಮಿಕ ತಪ್ಪಾಗಿರಬಹುದು, ಅವಳೊಬ್ಬಳನ್ನು ಬೇಕಾದರೆ ವಾಪಸು ತೆಗೆದುಕೊಳ್ಳುತ್ತೇವೆ.

ತಾನೊಬ್ಬಳೇ ಹೋಗುವುದಿಲ್ಲ, ಎಲ್ಲರನ್ನೂ ತೆಗೆದುಕೊಳ್ಳಬೇಕು ಎಂದು ರುಕ್ಮವ್ವ ಕೂತಲ್ಲಿಂದಲೇ ಕೂಗಿದಳು. "ಅಕೇಲಿ ನಹೀ ಜಾಯೇಗಿ ಸಾಬ್. ಸಬ್ ಕೋ ಲೇನಾ ಪಡೇಗಾ."

ನಾನು ವಿಚಾರಣೆಗೆ ಮೊದಲೇ ಕೊಟ್ಟಿದ್ದ ಹೇಳಿಕೆ ಓದಿ ಅಧಿಕಾರಿ ಬ್ಯೂರೋದಿಂದ ಪ್ರೋಗ್ರಾಮಿನ ಪ್ರತಿ ತರಿಸಲು ಆದೇಶ ಕಳಿಸಿದ್ದರು. ನಂಜುಂಡಯ್ಯ ಬಂದಿದ್ದರು. ರಟ್ಟಿನ ರಿಜಿಸ್ಟರನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಅದನ್ನು ಮೇಜಿನ ಮೇಲಿಟ್ಟು, ಪುಟ ತೆರೆದು, ಒಂದು ಹೆಜ್ಜೆ ಹಿಂದೆ ಸರಿದರು. ನಾನು ಹತ್ತಿರ ಹೋಗಿ ನೋಡಿದೆ. ನನ್ನ ಸಾಲು ಹಾಗೇ ಇತ್ತು, ಕೆಳಗೆ ನನ್ನ ಹೆಸರಿನ ಅಕ್ಷರಗಳೂ. ಅವರು ಆ ಪುಟ ಮುಟ್ಟಿರಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ನಾನು ಯಾವತ್ತೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ದಿನ ಅವರು ಯಾರ ಮುಖವನ್ನೂ ನೋಡಲಿಲ್ಲ.

ಮ್ಯಾನೇಜರು ಬಗ್ಗಿ ಆ ಸಾಲು ಓದಿದರು. ಅವರ ಮುಖ ಅರಳಿತು. "ಸರ್, ಇಲ್ಲೇ ಇದೆ ನೋಡಿ. ಕಾರಣವನ್ನು ವೇರಿಯಬಲ್ ಮಾಡಲಾಗಿದೆ ಅಂತ ಇವರೇ ಬರೆದಿದ್ದಾರೆ. ವೇರಿಯಬಲ್ ಅಂದರೆ ಬದಲಾಗುವಂಥದ್ದು. ಅಂದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಆಗಲು ಅವಕಾಶ ಇತ್ತು. ಪರಿಶೀಲಿಸಿಯೇ ಕಳಿಸಿದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?"

ಅಧಿಕಾರಿ ನನ್ನ ಕಡೆ ತಿರುಗಿ, ವೇರಿಯಬಲ್ ಅಂದರೇನು ಎಂದು ಮರಾಠಿಯಲ್ಲಿ ಕೇಳಿದರು. "ಬೋಲಾ ಮ್ಯಾಡಮ್. ವೇರಿಯಬಲ್ ಮ್ಹಣಜೇ ಕಾಯ್?"

 ಕೋರ್ಸಿನ ಭಾಷೆಯಲ್ಲಿ ಹೇಳಿದರೆ ಯಾರಿಗೂ ಮುಟ್ಟುವುದಿಲ್ಲ. ಅವರ ಮೇಜಿನ ಮೇಲೆ ಖಾಲಿ ಸಮನ್ಸ್ ಫಾರಮ್ಮುಗಳ ಒಂದು ಕಟ್ಟು ಇತ್ತು. ಅವರ ಅನುಮತಿ ಕೇಳಿ ಒಂದನ್ನು ಎತ್ತಿಕೊಂಡೆ. ಹಿಂದಿಯಲ್ಲೇ ಹೇಳಿದೆ.

"ಸಾಹೇಬ್, ಈ ಫಾರಮ್ಮಿನಲ್ಲಿ ಚುಕ್ಕಿ ಚುಕ್ಕಿ ಇರುವ ಜಾಗ ಇದೆ. ಇಲ್ಲಿ ನೀವು ಪೆನ್ನಿನಿಂದ ಹೆಸರು ಬರೆಯುತ್ತೀರಿ, ಯಾಕೆ ಕರೆದಿದ್ದೀರಿ ಎಂದು ಬರೆಯುತ್ತೀರಿ. ಬರೆಯದಿದ್ದರೆ ಇದು ಹೋಗುವುದಿಲ್ಲ. ಹೀಗೆ ಹೊರಗಿನಿಂದ, ಒಬ್ಬೊಬ್ಬರಿಗೂ ಬರೆದು ತುಂಬುವುದು ಪ್ಯಾರಾಮೀಟರ್. ನಾನು ಮೊದಲು ಹಾಗೇ ಮಾಡಿದ್ದೆ. ಕಾರಣದ ಜಾಗ ಚುಕ್ಕಿ ಚುಕ್ಕಿ ಇತ್ತು. ಕಂಪನಿ ತುಂಬಿ ಕಳಿಸಲಿಲ್ಲ. ನಲವತ್ತೊಂದಕ್ಕೆ ನಲವತ್ತೊಂದೂ ಖಾಲಿ."

"ಮುಂದೆ?" ಎಂದರು ಅಧಿಕಾರಿ.

"ಆಮೇಲೆ ಚುಕ್ಕಿ ತೆಗೆದು, ಆ ಜಾಗದಲ್ಲಿ ಒಳಗಿನಿಂದಲೇ ಮಾತು ತುಂಬಿದೆ. ಅದರ ಹೆಸರು ವೇರಿಯಬಲ್, ನಿಜ. ಆದರೆ ಹೆಸರಿನಲ್ಲಿ ಬದಲಾಗುತ್ತದೆ ಅಂತ ಇದ್ದ ಮಾತ್ರಕ್ಕೆ ಅದು ತಾನಾಗಿ ಬದಲಾಗುವುದಿಲ್ಲ. ಹೊರಗಿನ ಯಾರಿಗೂ ಅದನ್ನು ಮುಟ್ಟಲು ಬರುವುದಿಲ್ಲ. ಮ್ಯಾನೇಜರ್ ಸಾಹೇಬರೂ ಮುಟ್ಟಲಾರರು. ಮೊದಲನೆಯ ಪತ್ರದಿಂದ ನಲವತ್ತೊಂದನೆಯ ಪತ್ರದವರೆಗೆ ಅದು ಒಂದು ಸಲವೂ ಬದಲಾಗಿಲ್ಲ. ಯಾರ ಹಾಜರಿಯನ್ನೂ ಅದು ನೋಡಿಲ್ಲ. ನೋಡು ಎಂದು ಅದಕ್ಕೆ ಹೇಳಿದ ಸಾಲೇ ಇದರಲ್ಲಿ ಇಲ್ಲ. ಪುಟ ಇಲ್ಲೇ ಇದೆ, ಯಾರಿಂದ ಬೇಕಾದರೂ ಓದಿಸಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಹಾಗಾದರೆ ಆ ಕಾರಣ ಬದಲಾಯಿಸುವ ಅಧಿಕಾರ ಯಾರಿಗಿತ್ತು?"

"ಪ್ರೋಗ್ರಾಮು ಬರೆದವರಿಗೆ ಮಾತ್ರ. ಅಂದರೆ ನನಗೆ." ಬಾಗಿಲಲ್ಲಿ ಒತ್ತಿ ನಿಂತಿದ್ದ ಹೆಂಗಸರ ಕಡೆ ತಿರುಗಿದೆ. ಮಾತು ಕೊಟ್ಟಿದ್ದೆನಲ್ಲ. "ಇವರೆಲ್ಲ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು ಎಂದು ಬರೆದದ್ದು ಈ ಕೈ. ನಾನು ಇವರಲ್ಲಿ ಒಬ್ಬರನ್ನೂ ಆಗ ನೋಡಿರಲಿಲ್ಲ. ಈ ಪತ್ರ ನಿಜವಾದರೆ ನಲವತ್ತೊಂದು ಜನರನ್ನು ಕೆಲಸದಿಂದ ತೆಗೆದವಳು ನಾನು, ಒಂದು ಬ್ಯೂರೋದ ಪ್ರೋಗ್ರಾಮರು. ಆ ಅಧಿಕಾರ ನನಗೆ ಯಾವಾಗ ಕೊಟ್ಟಿರಿ ಎಂದು ಮ್ಯಾನೇಜರ್ ಸಾಹೇಬರನ್ನು ಕೇಳಿ."

 ಕಾರಿಡಾರಿನಲ್ಲಿ ಯಾರೋ ನಕ್ಕರು, ಆ ನಗು ಹಿಂದಕ್ಕೆ ಹಬ್ಬುತ್ತ ಹೋಯಿತು. ಅಧಿಕಾರಿ ಸುಮ್ಮನಿರಿ ಎಂದು ಮೇಜು ಕುಟ್ಟಿದರು, ತಾವೂ ಮೀಸೆಯಲ್ಲಿ ನಗುತ್ತಿದ್ದರು. ಮ್ಯಾನೇಜರು ಟೈ ಸಡಿಲಿಸಿಕೊಂಡರು. ಉತ್ತರ ಕೊಡಲು ಮುಂದಿನ ತಾರೀಖು ಕೇಳಿದರು.

ಮುಂದಿನ ತಾರೀಖಿಗೆ ಅವರು ಬರಲಿಲ್ಲ, ಅವರ ಕಾಗದ ಬಂತು. ನಲವತ್ತೊಂದೂ ಪತ್ರಗಳನ್ನು ಹಿಂದಕ್ಕೆ ಪಡೆಯಲಾಗಿದೆ, ಎಲ್ಲರೂ ಸೋಮವಾರದಿಂದ ಕೆಲಸಕ್ಕೆ ಬರಬಹುದು. ಅಷ್ಟೇ. ತಪ್ಪಾಯಿತು ಎಂಬ ಒಂದು ಶಬ್ದವೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ನಿಂತಿದ್ದೆ. ಅವರು ಒಬ್ಬೊಬ್ಬರಾಗಿ ಒಳಗೆ ಹೋಗಲಿಲ್ಲ. ಎಲ್ಲರೂ ಬರುವವರೆಗೆ ರಸ್ತೆಯಲ್ಲೇ ಕಾದು, ಮೋಡವಿಲ್ಲದ ಆಕಾಶದ ಕೆಳಗೆ ನಾಲ್ಕು ಸಾಲಾಗಿ ಒಟ್ಟಿಗೇ ಹೋದರು. ರುಕ್ಮವ್ವ ಕೈ ಬೀಸಲಿಲ್ಲ, ನನ್ನ ಕಡೆ ನೋಡಿ ಒಮ್ಮೆ ತಲೆ ಆಡಿಸಿದಳು.

ನನಗೆ ಎಂಟು ತಿಂಗಳು ಎಲ್ಲೂ ಕೆಲಸ ಸಿಗಲಿಲ್ಲ. ಬ್ಯೂರೋಗಳ ಲೋಕ ಚಿಕ್ಕದು, ಸುದ್ದಿ ನನಗಿಂತ ಮೊದಲೇ ಮುಟ್ಟಿರುತ್ತಿತ್ತು. ಅಂಧೇರಿಯಲ್ಲಿ ಒಬ್ಬರು ನೇರವಾಗಿಯೇ ಅಂದರು, "ನೀವು ಗಿರಾಕಿಯ ವಿರುದ್ಧ ಮಾತಾಡುವವರು." ಹೌದು, ಗಿರಾಕಿ ಸುಳ್ಳು ಬರೆಸಿದರೆ ಮಾತಾಡುತ್ತೇನೆ ಎಂದು ಎದ್ದು ಬಂದೆ. ಕೊನೆಗೆ ಮುಲುಂಡಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಲು ಸೇರಿದೆ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದೆ. ಎಷ್ಟೋ ಮಕ್ಕಳಿಗೆ ಪ್ಯಾರಾಮೀಟರಿಗೂ ವೇರಿಯಬಲ್ಲಿಗೂ ಏನು ವ್ಯತ್ಯಾಸ ಎಂದು ಹೇಳಿಕೊಟ್ಟಿದ್ದೇನೆ. ಪುಸ್ತಕದಲ್ಲಿ ಅದು ಎರಡು ಸಾಲಿನ ಪಾಠ. ನನ್ನ ಕ್ಲಾಸಿನಲ್ಲಿ ಒಂದು ಗಂಟೆ ಹಿಡಿಯುತ್ತಿತ್ತು.

ನಂಜುಂಡಯ್ಯನವರ ಬ್ಯೂರೋ ಆ ಗಿರಾಕಿಯನ್ನು ಕಳೆದುಕೊಂಡಿತು, ಆದರೆ ಮುಚ್ಚಲಿಲ್ಲ. ಆ ಹೆಂಗಸರ ಜಾಗಕ್ಕೆ ಕಾರ್ಖಾನೆಯವರು ತರಬೇಕೆಂದಿದ್ದ ಪ್ಯಾಕಿಂಗ್ ಮಷಿನ್ನು ಎರಡು ವರ್ಷದ ಮೇಲೆ ಬಂದೇ ಬಂತು. ಆ ವಿಭಾಗವೂ ಹೋಯಿತು. ಆದರೆ ಆ ಸಲ ಕಾನೂನಿನ ಪ್ರಕಾರ ಮೊದಲೇ ನೋಟಿಸು ಕೊಟ್ಟು, ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿ, ಕೊಡಬೇಕಾದದ್ದನ್ನೆಲ್ಲ ಕೊಟ್ಟು ಕಳಿಸಬೇಕಾಯಿತು. ಸ್ವಂತ ಇಚ್ಛೆಯಿಂದ ಬಿಟ್ಟರು ಎಂದು ಯಾರ ಕಾಗದದಲ್ಲೂ ಬರೆಯಲಿಲ್ಲ.

ಇಷ್ಟನ್ನು ಕೇಳಿ ಕೆಲವರು ತಲೆಯಾಡಿಸುತ್ತಾರೆ. ಅಷ್ಟೆಲ್ಲ ಹೋರಾಡಿ ದಕ್ಕಿದ್ದು ಏನು, ಬರೀ ಎರಡು ವರ್ಷ ತಾನೆ, ಅನ್ನುತ್ತಾರೆ. ನಾನು ಅವರಿಗೆ ಲೆಕ್ಕ ಕಲಿಸುತ್ತೇನೆ. ನಲವತ್ತೊಂದು ಹೆಂಗಸರು, ತಲೆಗೆ ಎರಡು ವರ್ಷ. ಎಂಬತ್ತೆರಡು ವರ್ಷ ಅವರು ತಮ್ಮ ಹೆಸರಿನಲ್ಲಿ, ತಮ್ಮ ಕಾಲಿನ ಮೇಲೆ ಗೇಟಿನೊಳಗೆ ಹೋಗಿ ಬಂದರು. ಒಂದು ಮಳೆಗಾಲಕ್ಕೆ ಇದು ಕಡಿಮೆ ಅನ್ನಿಸಿದರೆ, ಬೇರೆ ಯಾರಾದರೂ ಇನ್ನೂ ಹೆಚ್ಚು ಮಾಡಿ ತೋರಿಸಲಿ.